ಚಿಟ್ಟೆಗೆ ತಟ್ಟಿದ ಚಪ್ಪಾಳೆ

ಮಾರ್ಚ್ ೧೪, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಎಲ್ಲ ನನ್ನ ಓರಗಿತ್ತಿಯ ದಯೆ.

ಸ್ಪ್ಯಾನಿಷ್ ತರಗತಿಗೆ ಮೊದಲು ಸೇರಿದವಳು ನಾನು, ಬಾಲದ ಹಾಗೆ ಹಿಂದೆ ಬಂದವಳು ಅವಳು. ಅಲ್ಲಿ ಪದವನ್ನು ತುಂಡು ಮಾಡಿ ತುಂಡಿಗೊಂದು ಚಪ್ಪಾಳೆ ತಟ್ಟಬೇಕು, ಒತ್ತು ಬೀಳುವಲ್ಲಿ ಜೋರಾಗಿ. ಒತ್ತಿನ ನಿಯಮಗಳನ್ನೆಲ್ಲ ನಾನು ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡಿದ್ದೇನೆ. ಆ ಮಹಾರಾಯಿತಿ ಪುಸ್ತಕ ತೆರೆದದ್ದನ್ನೇ ಕಾಣೆ.

ಇವತ್ತು ಅವಳ ಸರದಿಗೆ 'ಮರಿಪೋಸಾ' ಬಂತು, ಚಿಟ್ಟೆ. ಮ, ರಿ, ಪೋ, ಸಾ. ಸರಿಯಾಗಿ 'ಪೋ'ಗೇ ಜೋರಾಗಿ ತಟ್ಟಿದಳು.

"ಕಿವಿ ಅಂದ್ರೆ ಇದು!" ಎಂದರು ಟೀಚರ್.

"ನಂದೇನಿಲ್ಲ ಮೇಡಂ. ಅಕ್ಕ ತೊಡೆ ಮೇಲೆ ತಟ್ಕೊಳ್ತಿದ್ರು, ಅದನ್ನ ನೋಡ್ಕೊಂಡು ತಟ್ಟಿದೆ."

ಸದ್ಯ, ನಿಜ ಹೊರಬಿತ್ತು ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಟೀಚರ್ ಅವಳನ್ನೇ ನೋಡುತ್ತಾ, "ಅಬ್ಬಾ, ಎಷ್ಟು ವಿನಯ ಇವ್ರಿಗೆ!" ಎಂದರು. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಹಾಳಾದ ಒಳ್ಳೆಯತನವೂ ಅವಳ ಪಾಲಿಗೇ ಹೋಯಿತಲ್ಲ.

ನಾನೂ ತಟ್ಟಿದೆ. ಸುಮ್ಮನಿದ್ದರೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಎಲ್ಲರಿಗಿಂತ ಜೋರಾಗಿ. ಅಂಗೈ ಇನ್ನೂ ಉರಿಯುತ್ತಿದೆ. ಹೊಟ್ಟೆಯದ್ದಂತೂ ಕೇಳುವುದೇ ಬೇಡ...