ಹೊರಗೆ ಬರುವ ತುಂಡು

ಡಾಕ್ಟರಮ್ಮನವರಿಗೆ ನಮಸ್ಕಾರ.

ರಾತ್ರಿ ಕೆಟ್ಟ ಕನಸು ಬಿತ್ತು. ಕನಸಿನಲ್ಲಿ ಆಪರೇಷನ್ ಮುಗಿಸಿ ಮನೆಗೆ ಬಂದರೂ ಅತ್ತೆ ನೆಂಟರ ಮುಂದೆ ಅದೇ ಹಳೇ ಮಾತು ಆಡಿದರು: “ಇವಳದು ಹೊಟ್ಟೆಯಲ್ಲ, ಗೋಡೌನು ಕಣ್ರೀ!” ಬೆವರಿ ಎದ್ದು ಕೂತೆ.

ತೂಕ ಇಳಿಸುವ ಆಪರೇಷನ್ನಿನಲ್ಲಿ ನೀವು ಎರಡು ಬಗೆ ಹೇಳಿ ಯೋಚಿಸಿ ಎಂದಿರಿ. ಬೈಪಾಸಿನಲ್ಲಿ ಹೊಟ್ಟೆ ಒಳಗೇ ಉಳಿಯುತ್ತದೆ, ಊಟದ ದಾರಿ ಮಾತ್ರ ಬದಲು. ಸ್ಲೀವ್ ಎಂದರೆ ನಮ್ಮ ಅಂಗಡಿಯಲ್ಲಿ ತೋಳು, ನಿಮ್ಮಲ್ಲಿ ಹೊಟ್ಟೆ ಕತ್ತರಿಸಿ ತೆಗೆಯುವುದು. ನನಗೆ ವಿಪರೀತ ಭಯ, ಆದರೂ ಸ್ಲೀವೇ ಇರಲಿ. ಕತ್ತರಿಸಿದ್ದನ್ನು ದಯವಿಟ್ಟು ಬಾಟಲಿಗೆ ಹಾಕಿ ಕೊಡಿ. ಅತ್ತೆ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಡುತ್ತೇನೆ.

ಚಿಕ್ಕ ಚೂರಾದರೆ ಅವರು ನಕ್ಕುಬಿಡುತ್ತಾರೆ. ಹೊರಗೆ ಬರುವುದು ಅರ್ಧವಲ್ಲ, ಮುಕ್ಕಾಲು ಹೊಟ್ಟೆ ತಾನೆ? ಇನ್ನೊಮ್ಮೆ ನೋಡಿ ತಿಳಿಸಿ.

ಇಂತಿ,
ನಿಮ್ಮ ಕುರ್ಚಿಯಲ್ಲಿ ಹಿಡಿಯದೆ ನಿಂತೇ ಮಾತಾಡಿದ ಟೈಲರ್