ಬಿರಡೆಗೆ ಸುತ್ತಿದ ಎಳೆ

ಹುಬ್ಬಳ್ಳಿ
೨೧ ಜೂನ್ ೨೦೦೬

ಮಗಳೇ ಸೃಷ್ಟಿ,

ಅವ್ವನ ಆಶೀರ್ವಾದ. ಹೇಗಿದ್ದೀ? ಪುಣೆಯಲ್ಲಿ ಮಳೆ ಹಿಡಿದಿದೆಯಂತೆ, ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪ ಆರಾಮಾಗಿ ತಾರಿಹಾಳದ ಕಾರ್ಖಾನೆಗೆ ಹೋಗಿ ಬರುತ್ತಿದ್ದಾರೆ. ನಿಮ್ಮಕ್ಕ ಸುಮಲತಾ ತೀರಿಕೊಂಡು ವರ್ಷವಾಗುತ್ತ ಬಂತು. ರೊಟ್ಟಿ ಬಡಿಯಲು ಕೂತರೆ ಈಗಲೂ ಅವಳ ಪಾಲಿನ ಹಿಟ್ಟು ಕೈಗೆ ಬಂದುಬಿಡುತ್ತದೆ.

ನಿನ್ನ ಪತ್ರ ಬಂತು. ನಿನ್ನ ಸಂಶೋಧನೆಗೆಂದು ನಾನು ಕಳಿಸಿದ ರಕ್ತ ಕೆಲಸಕ್ಕೆ ಬರಲಿಲ್ಲ, ಅದರಲ್ಲಿ ಕುರಿಯ ಉಣ್ಣೆಯ ಪ್ರೋಟೀನೇ ಎದ್ದು ಕಾಣುತ್ತಿದೆ, ಮತ್ತೊಮ್ಮೆ ಕಳಿಸು ಎಂದು ಬರೆದಿದ್ದೀ. ಓದಿ ಹೇಳಿದಾಗ ನಿಮ್ಮಪ್ಪ, “ನೀ ಕುರಿ ಅಂತ ನನಗ ಲಗ್ನದ ದಿನಾನ ಗೊತ್ತಾಗಿತ್ತು. ಇದಕ್ಕ ಪುಣೆ ಮಷಿನ್ ಯಾಕ ಬೇಕಿತ್ತು?” ಎಂದು ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆದದ್ದು ಇಷ್ಟು: ವಿದ್ಯಾನಗರದ ಲ್ಯಾಬಿನವರು ಕೊಟ್ಟ ಶೀಶೆಯ ಬಿರಡೆ ಸಡಿಲ ಅನ್ನಿಸಿತು. ಎಣ್ಣೆ ಶೀಶೆಗೆ ಮಾಡುವಂತೆ ಕಂಬಳಿಯ ಒಂದು ಎಳೆ ಕಿತ್ತು ಬಿರಡೆಗೆ ಸುತ್ತಿ ಬಿಗಿದೆ. ನಿಮ್ಮಜ್ಜನ ಕಂಬಳಿ ಅದು, ಹುಟ್ಟಿದಾಗ ನಿಮ್ಮಿಬ್ಬರನ್ನೂ ಮೊದಲು ಮಲಗಿಸಿದ್ದು ಅದರ ಮೇಲೇ. ಕಾಯುತ್ತದೆ ಎಂದುಕೊಂಡೆ.

ಖರೇ ಹೇಳಬೇಕೆಂದರೆ, ರಕ್ತ ಕೆಟ್ಟಿತೆಂದು ಓದಿ ನನ್ನ ಎದೆ ಹಗುರವಾಯಿತು. ನೀನು ರಜೆಗೆ ಬಂದಾಗ, ಜೋಳ ಹಸನು ಮಾಡುತ್ತಿದ್ದ ನನ್ನ ಮೊರದ ಮುಂದೆ ಕೂತು ತಿಳಿಸಿದ್ದೆ. ರಕ್ತದಲ್ಲಿ ಸಾವಿರಾರು ಪ್ರೋಟೀನುಗಳಿರುತ್ತವೆ, ಅವನ್ನು ಜೆಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಡಿಸಿ, ಒಂದೊಂದನ್ನೂ ಯಂತ್ರದಲ್ಲಿ ತೂಗಿ ಇಂಥದ್ದೆಂದು ಗುರುತು ಹಿಡಿಯುತ್ತೀರಿ. ಅಂಡಾಶಯದ ಕ್ಯಾನ್ಸರ್ ಆದವರಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸುತ್ತೀರಿ. “ಇದು ಇನ್ನೂ ಹುಡುಕಾಟ ಅಷ್ಟಽ ಬೇ, ರೋಗ ಐತೋ ಇಲ್ಲೋ ಅಂತ ಹೇಳಂಗಿಲ್ಲ” ಎಂದೂ ಅಂದಿದ್ದೆ. ತಲೆ ಒಪ್ಪುತ್ತದೆ, ಜೀವ ಒಪ್ಪುವುದಿಲ್ಲ. ಅದೇ ರೋಗ ಒಯ್ದ ನಿಮ್ಮಕ್ಕನನ್ನು ಮಣ್ಣು ಮಾಡಿ ಬಂದೆವು. ಅವಳ ರಕ್ತ ಮಾತ್ರ ನಿಮ್ಮ ಫ್ರೀಜರಿನಲ್ಲಿ ಇನ್ನೂ ಇದೆ. ಅದರ ಪಕ್ಕ ನನ್ನದನ್ನಿಟ್ಟು ನೋಡುವವಳು ನೀನು. ಈ ರೋಗ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆಂದು ಡಾಕ್ಟರು ಹೇಳಿದ್ದು ನಿನಗೂ ನೆನಪಿದೆ. ಎರಡೂ ಒಂದೇ ತರಹ ಕಂಡರೆ, ಮೂರನೆಯವಳು ನೀನೇ ಅಲ್ಲವೇ? ಅದನ್ನು ನಿನ್ನ ಕಣ್ಣಿಂದಲೇ ನಿನಗೆ ನೋಡಗೊಡಲಾರೆ. ಅದಕ್ಕೇ ಮತ್ತೆ ರಕ್ತ ಕೊಡುವುದು ಬೇಡವೆಂದು ನಿಶ್ಚಯಿಸಿದ್ದೇನೆ. ಸಿಟ್ಟಾಗಬೇಡ.

ಬೀರದೇವರು ನಿನ್ನ ಬೆನ್ನಿಗಿರಲಿ. ತಲೆಗೆ ಎಣ್ಣೆ ಹಚ್ಚಿಕೊ.

ನಿಮ್ಮವ್ವ,
ರೇಣವ್ವ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ ಸೀರೆ ಉಡುವಾಗ ನಿರಿಗೆಗೆ ಬಟ್ಟೆ ಸಾಲಲಿಲ್ಲ. ಕೈಕಾಲು ಬಡಕಲಾಗಿವೆ, ಹೊಟ್ಟೆ ಮಾತ್ರ ಬಿಗಿದು ಬಂದಿದೆ, ಅಕ್ಕನಿಗೆ ಮೊದಮೊದಲು ಆದಂತೆಯೇ. ನಿಮ್ಮಪ್ಪನಿಗೆ ಹೇಳಿಲ್ಲ. ಇನ್ನು ನಿನ್ನಿಂದ ಮುಚ್ಚಿಡುವುದು ತರವಲ್ಲ ಎನ್ನಿಸಿ ಸೀದಾ ವಿದ್ಯಾನಗರಕ್ಕೆ ಹೋಗಿ, ಡಾಕ್ಟರಿಗೂ ತೋರಿಸಿ, ನಿನಗೂ ರಕ್ತ ಕೊಟ್ಟು ಬಂದೆ. ಹೋದ ಸಲದಂತೆ ಶೀಶೆ ಇಟ್ಟ ಬರ್ಫದ ಡಬ್ಬಿಯನ್ನು ನಿಮ್ಮಪ್ಪನೇ ಪುಣೆಗೆ ತರುತ್ತಾರೆ, ಈ ಪತ್ರವನ್ನೂ. ನೀನೊಬ್ಬಳೇ ಇದ್ದಾಗ ನೋಡಬೇಡ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊ. ಬಿರಡೆಗೆ ಏನೂ ಸುತ್ತಿಲ್ಲ. ಈ ಸಲ ಅದರಲ್ಲಿ ಕಾಣುವುದೆಲ್ಲ ನನ್ನದೇ.