ಗಡಿ ದಾಟಿದ ಹೊಲಿಗೆ ಮಶೀನು

ಹಳಿಯಾಳ
ತಾ. ೧೨ ಡಿಸೆಂಬರ್ ೧೯೩೮

ಪ್ರೀತಿಯ ಮಗ ಸುಭಾನಿಗೆ, ನಿನ್ನ ಅಬ್ಬಾ ನಬೀಸಾಬನು ಮನಸಾರೆ ಮಾಡುವ ದುವಾ.

ನೀನೂ ಸೊಸೆ ಖತೀಜಾಬಿಯೂ ಆರಾಮವಾಗಿದ್ದೀರಾ? ಮಡಗಾಂವದ ನೀರು ಈಗಲಾದರೂ ನಿನ್ನ ಹೊಟ್ಟೆಗೆ ಹೊಂದಿತೋ ಇಲ್ಲವೋ? ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ, ಚಿಕ್ಕಂದಿನಿಂದಲೂ ಅದು ನಾಜೂಕು. ನಿನ್ನ ಅಮ್ಮಾ ಸುಖವಾಗಿ ಬಂದು ಮುಟ್ಟಿದ್ದು ನನಗೆ ತಿಳಿದಿದೆ. ಆಕೆಯ ಮೊಣಕಾಲಿಗೆ ದಿನಾಲೂ ಎಣ್ಣೆ ತಿಕ್ಕಿಸು, ಬೇಡ ಅಂದರೂ ಬಿಡಬೇಡ. ಇಲ್ಲಿ ನಾನು ಕ್ಷೇಮ, ಎತ್ತುಗಳೂ ಕ್ಷೇಮ. ಎಡಗಡೆಯ ಎತ್ತು ಮಾತ್ರ ನಿನ್ನ ಅಮ್ಮಾ ಕಾಣುತ್ತಿಲ್ಲವೆಂದು ಸಿಟ್ಟು ಮಾಡಿಕೊಂಡು ನಾನಿಟ್ಟ ಹಿಂಡಿಯನ್ನು ಮೂಸಿ ಬಿಡುತ್ತದೆ. ನಾನು ಮಾಡಿದ ಸಾರು ಉಂಡ ಮೇಲೆ ಅದರ ಕಷ್ಟ ನನಗೂ ಅರ್ಥವಾಗುತ್ತಿದೆ.

ಊರಿನ ಸುದ್ದಿ ಹೇಳಬೇಕೆಂದರೆ ಎಲ್ಲಾ ನಿನ್ನದೇ ಸುದ್ದಿ. ನೀನು ಅಲ್ಲಿ ಇಂಗ್ಲಿಷ್ ಕಲಿಸಲು ಹೋದಾಗಿನಿಂದ ನಾನು ಪೇಟೆಯಲ್ಲಿ ಎದೆ ಉಬ್ಬಿಸಿಕೊಂಡೇ ತಿರುಗುತ್ತೇನೆ. ದಾಂಡೇಲಿಯ ಡಿಪೋಕ್ಕೆ ದಿಮ್ಮಿ ಎಳೆಯುವ ಗಾಡಿಯವನ ಮಗ ಪರದೇಶದಲ್ಲಿ ಮಾಸ್ತರನೆಂದರೆ ಸಣ್ಣ ಮಾತೇ? ಆದರೆ ಕಿರಾಣಿ ಅಂಗಡಿಯ ಈಶಪ್ಪನಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ನಾಲ್ಕು ಮಂದಿ ಕೂಡಿದರೆ ಸಾಕು, "ನಬೀಸಾಬ, ಗೋವಾ ಅಂದ್ರ ಅದ್ಯಾವ ಪರದೇಶೋ ಮಾರಾಯಾ? ಹಡಗ ಹತ್ತಿ ಹೋದ್ರ ಅದು ಪರದೇಶ. ಇದು ಘಟ್ಟ ಇಳದ್ರ ಬರೂ ಊರು" ಎಂದು ಎಲ್ಲರನ್ನೂ ನಗಿಸುತ್ತಾನೆ. ನಾನು ಸುಮ್ಮನಿರುವವನೇ? "ಅಲ್ಲಿ ಸರಕಾರ ಬ್ಯಾರೆ, ರೊಕ್ಕ ಬ್ಯಾರೆ, ಪೊಲೀಸರ ಟೋಪಿನೂ ಬ್ಯಾರೆ. ಇನ್ನೇನ ಬೇಕೋ ನಿನಗ?" ಎಂದೆ. ಅವನು ಒಪ್ಪಲಿಲ್ಲ.

ಹೀಗೆ ನಾನು ಜಂಭ ಕೊಚ್ಚಿಕೊಳ್ಳುತ್ತಿರುವಾಗಲೇ, ಈದಿನ ಮರುದಿನ ನಿನ್ನ ಪತ್ರ ಬಂತು. ಖತೀಜಾಬಿಗೆ ಅಲ್ಲಿ ಹಿಡಿಸುತ್ತಿಲ್ಲ, ಸರಿಯಾಗಿ ಉಣ್ಣುವುದಿಲ್ಲ, ಭಾಷೆ ಬಾರದೆ ದಿನವೆಲ್ಲ ಗೋಡೆ ನೋಡುತ್ತ ಕೂರುತ್ತಾಳೆ, ಈ ವರ್ಷ ಮುಗಿದ ಮೇಲೆ ನೌಕರಿ ಬಿಟ್ಟು ಬರುತ್ತೇನೆ ಎಂದು ಬರೆದಿದ್ದೆ. ಓದುತ್ತ ನಾನು ಎದ್ದು ನಿಂತುಬಿಟ್ಟೆ. ನಿನ್ನ ಅಮ್ಮಾ ಮಾತ್ರ ಒಲೆಯ ಮುಂದಿನಿಂದ ಏಳಲೂ ಇಲ್ಲ. "ದುಡಿಯೂ ಹುಡುಗಿನ ಕೈ ಕಟ್ಟಿ ಕೂಡ್ರಿಸ್ಯಾನ, ಮತ್ತೇನ ಆದೀತು? ಮಶೀನ ಇಲ್ಲೇ ಬಿಡಿಸಿದಾಗನ ನಾ ಅಂದಿದ್ದೆ" ಎಂದಳು. ಹೌದಲ್ಲವೇ, ಸುಭಾನಿ? ಹೊರಡುವ ದಿನ ಆ ಕೈಮಶೀನನ್ನು ಗಾಡಿಯಿಂದ ಕೆಳಗಿಳಿಸಿದವನು ನೀನು. "ಮಾಸ್ತರನ ಹೆಂಡ್ತಿ ಮಂದಿ ಅಂಗಿ ಹೊಲದ್ರ ಶಾಲ್ಯಾಗ ಏನಂತಾರ, ಅಬ್ಬಾ" ಎಂದೆ. ಆ ಹುಡುಗಿ ಅದರ ಮೇಲೆ ತನ್ನ ಹಳೆಯ ದುಪಟ್ಟಾ ಹೊದಿಸಿ ಗಾಡಿ ಹತ್ತಿದಳು. ಈದು ಬಂತೆಂದರೆ ನಮ್ಮ ಓಣಿಯ ಮಕ್ಕಳೆಲ್ಲ ಅವಳು ಹೊಲಿದ ಅಂಗಿಗಾಗಿ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಈ ಸಲ ಯಾರೂ ಬರಲಿಲ್ಲ.

ಅದಕ್ಕೇ ನಾವಿಬ್ಬರೂ ಮಶೀನು ಹೊತ್ತು ಹೊರಟದ್ದು. ನಾನು ಯಾಕೆ ಬಂದು ಮುಟ್ಟಲಿಲ್ಲ ಎಂಬುದನ್ನು ನಿನ್ನ ಅಮ್ಮಾ ತನ್ನ ರೀತಿಯಲ್ಲಿ ಹೇಳಿರುತ್ತಾಳೆ. ಅದನ್ನು ಪೂರ್ತಿ ನಂಬಬೇಡ, ನಡೆದದ್ದು ಹೀಗೆ. ಎತ್ತುಗಳನ್ನು ಒಂದು ದಿನದ ಮಟ್ಟಿಗೆ ನೆರೆಮನೆಯ ದ್ಯಾಮಪ್ಪನಿಗೆ ಒಪ್ಪಿಸಿ, ಅಳ್ನಾವರದಲ್ಲಿ ರೈಲು ಹತ್ತಿ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಕುಳೆಂ ಸ್ಟೇಷನ್ನಿಗೆ ಬಂದೆವು. ಅಲ್ಲಿ ಫಿರಂಗಿ ಸರಕಾರದ ಜಕಾತಿಯವರು ಎಲ್ಲರ ಸಾಮಾನು ಇಳಿಸಿ ಬಿಚ್ಚಿಸಿದರು. ಬೇರೆಯವರೆಲ್ಲ ಗೊಣಗುತ್ತಿದ್ದರು. ನನಗೋ ಹಬ್ಬ! ಬೇರೆ ದೇಶವಲ್ಲದಿದ್ದರೆ ಹೀಗೆ ತಡೆದು ಕೇಳುತ್ತಾರೆಯೇ? ಅಧಿಕಾರಿ ಮಶೀನಿನ ಚಕ್ರ ತಿರುಗಿಸಿ ನೋಡಿ, ಯಾರದು ಎಂದ. ಮಡಗಾಂವದಲ್ಲಿ ಇಂಗ್ಲಿಷ್ ಕಲಿಸುವ ನನ್ನ ಮಗನ ಹೆಂಡತಿಯದು ಎಂದೆ. ಅವನು ಮುಖ ಎತ್ತಿ, "ಮಾಸ್ತರಾಚೊ ಬಾಪುಯ್?" ಎಂದು ಕೇಳಿ ನನಗೆ ಕುರ್ಚಿ ತೋರಿಸಿದ. ಮಾಸ್ತರನ ಅಪ್ಪ! ನನ್ನ ಇಷ್ಟು ವರ್ಷದ ಬಾಳಿನಲ್ಲಿ ಯಾವ ಸರಕಾರದವನೂ ನನಗೆ ಕುರ್ಚಿ ಕೊಟ್ಟಿರಲಿಲ್ಲ, ಮಗನೇ. ಕಣ್ಣಲ್ಲಿ ನೀರು ಬಂತು.

ಅವನು ಮಶೀನಿನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ತಪಾಸಣೆಯ ಗುರುತು ಎಳೆದ. ಹಮಾಲ ಅದನ್ನು ರೈಲಿನ ಡಬ್ಬಿಯಲ್ಲಿಟ್ಟ, ನಿನ್ನ ಅಮ್ಮಾ ಹತ್ತಿ ಅದರ ಪಕ್ಕ ಕೂತಳು. ನಾನೂ ಹತ್ತಬೇಕಾಗಿತ್ತು. ಆದರೆ ಆ ಗುರುತು ಮಶೀನಿನ ಜೊತೆ ನಿಮ್ಮ ಮನೆಗೇ ಹೋಗುತ್ತದಲ್ಲಾ, ಈಶಪ್ಪನಿಗೆ ಏನು ತೋರಿಸಲಿ ಎಂದು ಹೊಳೆಯಿತು. ನನ್ನ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಮುಂದೆ ಹಿಡಿದು, ಇದಕ್ಕೂ ಒಂದು ಗುರುತು ಹಾಕಿ ಎಂದೆ. ರೊಟ್ಟಿಗೆ ಜಕಾತಿ ಇಲ್ಲ ಎಂದ. ಇರಲಿ, ಹಾಕಿ ಎಂದೆ. ಅವನು ನಗುತ್ತ ಗೀಟು ಎಳೆಯುವಷ್ಟರಲ್ಲಿ ಸೀಟಿ ಊದಿ ಗಾಡಿ ಹೊರಟೇಬಿಟ್ಟಿತು. ಕಿಟಕಿಯಿಂದ ನಿನ್ನ ಅಮ್ಮಾ, "ರೊಟ್ಟಿ ತಿಂದು ಮನಿಗಿ ಹೋಗ್ರಿ!" ಎಂದು ಕೂಗಿದಳು. ಒಬ್ಬಳೇ ಸಂತೆಗೂ ಹೋಗದ ಹೆಂಗಸು, ಮಶೀನಿನ ಮೇಲೆ ಕೈ ಇಟ್ಟುಕೊಂಡು, ಹೆದರದೆ ಹೋದಳು. ನಾನು ಮಾತ್ರ ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದೆ. ಸ್ಟೇಷನ್ ಮಾಸ್ತರರು ಮಡಗಾಂವಕ್ಕೆ ತಾರು ಕೊಟ್ಟು, ನೀನು ಬಂದು ಆಕೆಯನ್ನು ಕರೆದುಕೊಂಡು ಹೋದೆ ಎಂದು ತಿಳಿಸಿದ ಮೇಲೆಯೇ ನಾನು ಗಂಟು ಬಿಚ್ಚಿದ್ದು. ನಿಮ್ಮ ಕಡೆಗೆ ಮತ್ತೆ ಮರುದಿನವೇ ಗಾಡಿ. ಎತ್ತುಗಳು ಪರರ ಕೈಯಲ್ಲಿದ್ದವು, ಅದಕ್ಕೆ ಸಂಜೆಯ ಗಾಡಿಗೆ ತಿರುಗಿ ಬಂದೆ.

ಈಶಪ್ಪ ರೊಟ್ಟಿ ಗಂಟಿನ ಬಟ್ಟೆಯ ಮೇಲಿನ ಗೀಟನ್ನು ತಿರುವಿ ಮುರುವಿ ನೋಡಿ, "ಆತು ಬಿಡಪಾ, ಪರದೇಶನ" ಎಂದು ಒಪ್ಪಿಕೊಂಡ. ಅಂಗಡಿಯಲ್ಲಿದ್ದವರಿಗೆಲ್ಲ ನಾನೇ ಚಹಾ ಕುಡಿಸಿದೆ. ನಿನ್ನ ಅಮ್ಮಾ ಎಷ್ಟು ದಿನ ಬೇಕಾದರೂ ಅಲ್ಲಿರಲಿ, ನನ್ನ ಸಾರಿನ ಚಿಂತೆ ಮಾಡಬೇಡಿರಿ. ಖತೀಜಾಬಿಗೆ ನನ್ನ ಆಶೀರ್ವಾದ ಹೇಳು. ಅಲ್ಲಾಹನು ನಿಮ್ಮ ಮನೆ ಬೆಳಗಲಿ.

ನಿನ್ನ ಅಬ್ಬಾ,
ನಬೀಸಾಬ

ತಾ. ಕ.: ಟಪಾಲಿನ ಚೀಲ ಕಟ್ಟುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಶೀನನ್ನು ಅಟ್ಟಕ್ಕೆ ಏರಿಸಿದ್ದರೆ ಈಗಿಂದೀಗಲೇ ಇಳಿಸು. ಚಹಾ ಕುಡಿಸುವಾಗ ನಾನು ಪೇಟೆಗೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದೇನೆ: ನನ್ನ ಮಗ ಪರದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾನೆ, ನನ್ನ ಸೊಸೆ ಪರದೇಶದವರಿಗೆ ಅಂಗಿ ಹೊಲಿದುಕೊಡುತ್ತಾಳೆ ಎಂದು. ಮೊದಲನೆಯ ಮಾತಿಗಿಂತ ಎರಡನೆಯದಕ್ಕೇ ಮಂದಿ ಹೆಚ್ಚು ಬೆರಗಾಗಿ ಬಾಯಿ ಬಿಟ್ಟರು. ನಿನ್ನ ಅಬ್ಬಾನನ್ನು ಸುಳ್ಳುಗಾರನನ್ನಾಗಿ ಮಾಡಬೇಡ, ಸುಭಾನಿ.